ಮೊದಲು ತಮ್ಮ ಚೀಲ ಬಿಚ್ಚಿದವರಿಗೆ

ಬೆಂಗಳೂರು, ಕೆಳಚಿಕ್ಕಪೇಟೆ
ನೆರಳು ತಿಂಗಳ ನಾಲ್ಕನೆಯ ದಿನ, ೨೨೪೧

ಹೆಡ್ ಕಾನ್‌ಸ್ಟೇಬಲ್ ಪುಟ್ಟಲಿಂಗಮ್ಮನವರಿಗೆ ಪೇಟೆ ಕಾಯುವ ಪೇಟೆಪಡೆಯ ತೊರೆಮಣಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಮಿತಿಮೀರಿದ ಮೇಲೆ ನಮ್ಮ ಹಿರಿಯರು ವರ್ಷಕ್ಕೆ ಹದಿಮೂರನೆಯ ತಿಂಗಳೊಂದನ್ನು ಸೇರಿಸಿ, ಆ ತಿಂಗಳಿಡೀ ವ್ಯಾಪಾರವೆಲ್ಲ ನೆಲದಡಿಯ ಪೇಟೆಯಲ್ಲೇ ನಡೆಯಲಿ ಎಂದು ಕಟ್ಟಳೆ ಮಾಡಿದರು. ಅದೇ ನೆರಳು ತಿಂಗಳು. ನಿಮ್ಮ ಕಾಲದ ಕನ್ನಡವನ್ನು ಕಷ್ಟಪಟ್ಟು ಕಲಿತು ಬರೆಯುತ್ತಿದ್ದೇನೆ. ಮಾತು ಒರಟಾಗಿ ಕೇಳಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ನಿಮ್ಮ ಕೈಗೆ ಭಾನುವಾರವೇ ಸೇರಬೇಕು. ನಾಳೆ ಸೋಮವಾರ ನೀವು ಸಾಹೇಬರ ಕೋಣೆಯಲ್ಲಿ ಸೀರೆ ಅಂಗಡಿಯ ಮಾಲೀಕರ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ದೂರದ ಜಿಲ್ಲೆಗೆ ವರ್ಗವಾಗುತ್ತದೆ ಎಂಬ ಸಂಗತಿ ನನಗೆ ಗೊತ್ತು. ಮನೆಯಲ್ಲಿ ನಿಮ್ಮ ಮಗಳು, "ಒಂದ್ ಮಾತು ಸಾರಿ ಅಂದ್ಬಿಡಮ್ಮ, ನಿನ್ ಗಂಟೇನ್ ಹೋಗುತ್ತೆ?" ಎನ್ನುತ್ತಿರುವುದೂ ಗೊತ್ತು.

ಆ ದಿನ ಅಂಗಡಿಯಲ್ಲಿ ನಡೆದದ್ದನ್ನು ನಮ್ಮ ಮನೆಯ ಮಕ್ಕಳೆಲ್ಲ ಬಾಯಿಪಾಠದಂತೆ ಹೇಳುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಅಂಗಡಿಯ ತುಂಬ ಜನ. ಆ ವಾರವೇ ಎರಡು ರೇಷ್ಮೆ ಸೀರೆ ಕಳುವಾಗಿದ್ದವು, ಹಾಗಾಗಿ ಮಾಲೀಕರ ಭಯವನ್ನು ಸುಳ್ಳೆನ್ನಲಾರೆ. ಗಾರ್ಮೆಂಟ್ಸ್ ಕೆಲಸದ ನೀಲಾವತಿ ಎಂಬ ಹೆಂಗಸು ದುಡ್ಡು ಕೊಟ್ಟು ಸೀರೆ ಕೊಂಡು ಬಾಗಿಲು ದಾಟುವಾಗ ಕಾವಲು ಗಂಟೆ ಕೂಗಿತು. ಯಾರೂ ಹೇಳದೆಯೇ ಅವಳು ಎರಡೂ ಕೈ ಮೇಲೆತ್ತಿ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಜನ ನಕ್ಕರಂತೆ. ದಿನಾ ಸಂಜೆ ಕಾರ್ಖಾನೆಯ ಗೇಟಿನಲ್ಲಿ ಮೈ ತಡವಿಸಿಕೊಂಡೇ ಹೊರಬರುವವರ ಕೈ ತಾನಾಗಿಯೇ ಏಳುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

"ಸೆರಗು ಕೊಡವಿಸ್ರೀ ಮೇಡಂ, ಇಂಥೋರ್ನ ನೋಡೀ ನೋಡೀ ಸಾಕಾಗಿದೆ" ಎಂದರು ಮಾಲೀಕರು. ಹಬ್ಬದ ಬಂದೋಬಸ್ತಿಗೆ ಬಂದಿದ್ದ ನೀವು ಆಗ ಹೇಳಿದ ಮಾತು ಇವತ್ತಿಗೂ ನಮ್ಮ ಪಡೆಯ ತರಬೇತಿಯ ಮೊದಲ ಪಾಠ:

"ಕೈ ಇಳ್ಸವ್ವ. ಮೊದ್ಲು ನನ್ ಚೀಲ ನೋಡ್ಲಿ, ಆಮೇಲೆ ಸಾವ್ಕಾರ್ರುದು. ಕೊನೇಗ್ ನಿಂದು."

ಹಾಗೆಂದು ನಿಮ್ಮ ಚೀಲವನ್ನು ಬಿಳಿ ಹಾಸಿನ ಮೇಲೆ ಸುರಿದಿರಿ. ಊಟದ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಅರ್ಧ ಕಡಿದ ಕೋಡುಬಳೆ. ಆಮೇಲೆ ಮಾಲೀಕರನ್ನು, ಅವರ ಕೈಯಲ್ಲಿದ್ದ ತಟ್ಟೆಯ ಸಮೇತ, ಬಾಗಿಲು ದಾಟಿಸಿದಿರಿ. ಗಂಟೆ ಕಿರುಚಿಕೊಂಡಿತು. ಸೀರೆ ಕೊಂಡವರಿಗೆ ಅರಿಶಿನ ಕುಂಕುಮದ ಜೊತೆ ಉಚಿತವಾಗಿ ಕೊಡುವ ರವಿಕೆ ಕಣಗಳು ಆ ತಟ್ಟೆಯಲ್ಲಿದ್ದವು. ಹಬ್ಬದ ಗಡಿಬಿಡಿಯಲ್ಲಿ ಹೊಸ ಕಟ್ಟು ಬಿಚ್ಚಿದವರು ಬಾಗಿಲ ಗಂಟೆ ಕೂಗಿಸುವ ಅವುಗಳ ಕಾವಲು ಬಿಲ್ಲೆ ತೆಗೆಯುವುದನ್ನೇ ಮರೆತಿದ್ದರು. ಮೊದಲ ಕಣವನ್ನು ನೀಲಾವತಿಯ ಚೀಲಕ್ಕೆ ಹಾಕಿದ್ದು ಸ್ವತಃ ಮಾಲೀಕರೇ! ತಾವೇ ಮಡಿಲು ತುಂಬಿ ತಾವೇ ಕಳ್ಳಿ ಎಂದ ಆ ಮಹಾಶಯರಿಗೆ ಅವಮಾನವಾಯಿತಂತೆ, ಅದಕ್ಕೇ ನಿಮ್ಮ ಸಾಹೇಬರಿಗೆ ದೂರು ಕೊಟ್ಟರಂತೆ. ಇದನ್ನು ನೆನೆದಾಗಲೆಲ್ಲ ನನಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ.

ನಮ್ಮ ಪೇಟೆಯಲ್ಲೂ ಕಳ್ಳತನ ನಿಂತಿಲ್ಲ. ಈಗ ಸೀರೆಗಿಂತ ನೀರುಗುಳಿಗೆಗೆ ಕಳ್ಳರ ಕಾಟ ಹೆಚ್ಚು. ನಾಲಿಗೆಯ ಕೆಳಗಿಟ್ಟರೆ ಅರ್ಧ ದಿನ ಬಾಯಾರದಂತೆ ಮಾಡುವ ಪುಟ್ಟ ಉಂಡೆ ಅದು. ಅಂಗಡಿಗೆ ಗಾಜಿಲ್ಲ, ಬೀಗವಿಲ್ಲ. ಸರಕು ಮುಟ್ಟಿ ನೋಡಲು ಎಲ್ಲರಿಗೂ ಹಕ್ಕಿದೆ. ಅನುಮಾನ ಬಂದರೆ ನಾವು ತಪಾಸಣೆ ಮಾಡುತ್ತೇವೆ, ಕಳ್ಳರನ್ನು ಹಿಡಿಯುತ್ತೇವೆ. ಆದರೆ ಅದಕ್ಕೂ ಮೊದಲು ಎಲ್ಲರೆದುರು ನಮ್ಮ ಚೀಲ ಸುರಿಯುತ್ತೇವೆ, ಅಂಗಡಿಯವರು ತಮ್ಮ ಜೇಬು ಹೊರತೆಗೆಯುತ್ತಾರೆ. ಈ ಪದ್ಧತಿಗೆ 'ಪುಟ್ಟಲಿಂಗಿ' ಎಂದು ಹೆಸರು. ನನ್ನ ಚೀಲದಲ್ಲಿ ಮೊನ್ನೆ ಹಳಸಿದ ಚಟ್ನಿ ಸಿಕ್ಕಿ ಇಡೀ ಪೇಟೆ ಮೂಗು ಮುಚ್ಚಿಕೊಂಡಿತು. ಅದೂ ಕೆಲಸದ ಒಂದು ಭಾಗವೇ.

ಹೋದ ವರ್ಷ ನಗರಸಭೆಯವರು 'ಮುನ್ಗಣ್ಣು' ತಂದರು. ಕದಿಯುವ ಮೊದಲೇ ನಡಿಗೆ ನೋಡಿ ಕಳ್ಳರನ್ನು ಗುರುತಿಸುವ ಯಂತ್ರವಂತೆ. ಇನ್ನು ಪುಟ್ಟಲಿಂಗಿ ಬೇಡ, ಸಮಯ ದಂಡ ಎಂದರು. ಆಗಲಿ, ಪದ್ಧತಿಯಂತೆ ಮೊದಲು ತಂದವರನ್ನೇ ನೋಡಲಿ ಎಂದೆವು. ಯಂತ್ರ ಮೂವರು ಸದಸ್ಯರನ್ನೂ ಅಧ್ಯಕ್ಷರನ್ನೂ ಹಿಡಿದುಹಾಕಿತು. ಸಂಜೆಯೊಳಗೆ ಅದನ್ನು ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋದರು.

ತಾಯಿ, ಸೋಮವಾರ ಆ ಕೋಣೆಯಲ್ಲಿ ನೀವು ಏನು ಹೇಳಿದಿರೋ ನಮಗೆ ತಿಳಿಯದು. ನಾವು ಕೇಳಿದ ಕಥೆಯಲ್ಲಿ ನಿಮ್ಮ ಸುದ್ದಿ ಆ ಭಾನುವಾರಕ್ಕೇ ಮುಗಿಯುತ್ತದೆ. ಸಂಸಾರ ನೋಡಿ ತಲೆ ತಗ್ಗಿಸಿದ್ದರೂ ನಿಮ್ಮ ಮೇಲಿನ ನಮ್ಮ ಗೌರವ ಕೂದಲೆಳೆಯಷ್ಟೂ ಕಡಿಮೆಯಾಗದು. ಆದರೂ ಕೇಳಿಕೊಳ್ಳುತ್ತೇನೆ, ಸಾಧ್ಯವಾದರೆ ಕ್ಷಮೆ ಕೇಳಬೇಡಿ. ಅಲ್ಲಿ ನಿಮ್ಮ ಪಕ್ಕ ಯಾರೂ ಇಲ್ಲವೆಂದು ಅನ್ನಿಸಿದಾಗ ಈ ಒಂದು ಸಂಗತಿ ನೆನಪಿರಲಿ.

ನೀಲಾವತಿ ನಮ್ಮ ವಂಶದ ಹಿರಿಯಳು. ಮರುದಿನ ಕಾರ್ಖಾನೆಯ ಗೇಟಿನಲ್ಲಿ ಅವಳು ಕೈ ಎತ್ತದೆ ನಿಂತು, "ಮೊದ್ಲು ನಿಮ್ದು ತೋರ್ಸಿ" ಎಂದಳಂತೆ. ಅಂದಿನಿಂದ ಇಂದಿನವರೆಗೆ ನಮ್ಮ ಮನೆಯ ಯಾವ ಹೆಣ್ಣುಮಗಳೂ ಯಾರ ಮುಂದೆಯೂ ತಾನಾಗಿ ಕೈ ಎತ್ತಿಲ್ಲ.

ಇಂತು,
ತೊರೆಮಣಿ