ಕೂಗಿದರಷ್ಟೇ ಹತ್ತುವ ಮರ

ವರ್ಕ್‌ಶಾಪಿನ ಮೇಜಿನಿಂದ,
ಮಾರ್ಚ್ ೧೩, ಶನಿವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಇನ್ನೂ ಆ ಹಾಳು ಸ್ಟೂಲಿನ ಮೇಲೇ ಕೂತು ಹೊಲಿಯುತ್ತಿದ್ದರೆ ನಾನೇ ಬಂದು ಅದನ್ನು ಮುರಿದುಹಾಕುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಮಿಲ್ಲಿನ ಸದ್ದು ತಿಂದುಹಾಕಿದ ಕಿವಿ ಮಾತ್ರ ಹಾಗೆಯೇ ಇದೆ; ಉಪ್ಪು ಬೇಕೆಂದರೂ ಬೀದಿಗೆಲ್ಲ ಕೇಳುವಂತೆ ಕೂಗಬೇಕು.

ಎಂಟು ತಿಂಗಳು ಒದ್ದಾಡಿ ಕಟ್ಟಿದ ನನ್ನ ಬೆಳಕಿನ ಮರ ಮೊನ್ನೆ ಗುರುವಾರ ಪುರಭವನದ ಹಜಾರದಲ್ಲಿ ನಿಂತಿತು. ನೂರ ನಲವತ್ತು ಗಾಜಿನ ಕೊಳವೆ, ಬುಡದಲ್ಲೊಂದು ಮೈಕು. ಮುಂದೆ ನಿಂತು ಮಾತಾಡಿದರೆ ಬೆಳಕು ಬುಡದಿಂದ ತುದಿಗೆ ಹತ್ತಬೇಕು. ವರ್ಕ್‌ಶಾಪಿನಲ್ಲಿ ನನ್ನ ಒಂದೊಂದು ಮಾತಿಗೂ ಧಗ್ಗನೆ ಹತ್ತುತ್ತಿತ್ತು, ನಾನೂ ಉಬ್ಬಿಹೋಗಿದ್ದೆ. ಉದ್ಘಾಟನೆಯ ದಿನ ಮಾನ ಹೋಯಿತು. ಬಂದವರು ಸಂಕೋಚದಿಂದ ಮೆಲ್ಲಗೆ ಮಾತಾಡಿದರು. ಒಂದು ದೀಪವೂ ಮಿನುಗಲಿಲ್ಲ. ಪುರಭವನದ ಮ್ಯಾನೇಜರ್ ಪಾಪ, ಮುಖ ಕೆಂಪಾಗುವಷ್ಟು ಕಿರುಚಿದ ಮೇಲೆ ಅರ್ಧ ಮರ ಹತ್ತಿತು. ಮೈಕನ್ನು ನಾನು ಹೊಂದಿಸಿದ್ದು ನಮ್ಮ ಮನೆಯ ಗಂಟಲಿಗೆ. ಲೋಕವೆಲ್ಲ ಕೂಗಿಯೇ ಮಾತಾಡುತ್ತದೆ ಎಂದುಕೊಂಡಿದ್ದೆ ನೋಡು. ಬಚ್ಚಲಿಗೆ ಹೋಗಿ ಅತ್ತೆ.

ಮರುದಿನ ಬೆಳಿಗ್ಗೆ ಮರದ ಬುಡದಲ್ಲಿ ಮೈಕಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತೆ. ಜೊತೆಗೆ ಅಪ್ಪನೂ ಬಂದಿದ್ದ. ಗಂಟಲಿನ ಆಪರೇಷನ್ ಆದ ಮೇಲೆ ಅವನು ಗುಣವಾಗಿದ್ದಾನೆ, ಆದರೆ ನೀನು ಜಗಳವಾಡಿ ಹೋದ ಸಿಟ್ಟು ಇಳಿದಿಲ್ಲ, ಯಾರ ಹತ್ತಿರವೂ ಮಾತಿಲ್ಲ ಎಂದು ನಾನೇ ನಿನಗೆ ಬರೆದಿದ್ದೆನಲ್ಲ. ಮೈಕಿನ ತಿರುಪನ್ನು ಚೂರು ಚೂರೇ ತಿರುಗಿಸುತ್ತಾ ಹೋದೆ. ನಾನು ಬಾಯಿ ಮುಚ್ಚಿಕೊಂಡಿದ್ದಾಗಲೇ ಬುಡದ ದೀಪ ಹತ್ತಿತು. ಆಮೇಲೆ ಎರಡನೆಯದು, ಮೂರನೆಯದು. ತಲೆಯೆತ್ತಿದರೆ ಅಪ್ಪ ಮರದ ಮುಂದೆ ನಿಂತಿದ್ದಾನೆ, ತುಟಿ ಅಲ್ಲಾಡುತ್ತಿದೆ. ಆಪರೇಷನ್ ಆದಾಗಿನಿಂದ ಒಂದು ವರ್ಷ ಅವನ ಪಕ್ಕದಲ್ಲೇ ಕೂತು ಊಟ ಮಾಡಿದ್ದೇನೆ, ಆ ಪಿಸುಧ್ವನಿ ನನಗೆ ಒಮ್ಮೆಯೂ ಕೇಳಿರಲಿಲ್ಲ.

ಈಗ ಮರ ಪಿಸುಮಾತಿಗೂ ಹತ್ತುತ್ತದೆ. ಕೂಗಿದರೆ ಫ್ಯೂಸ್ ಹೋಗುತ್ತದೆ, ಅದನ್ನಿನ್ನೂ ಸರಿಮಾಡಬೇಕು. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಕೂಗಿಯೇ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಬಾಯಿಬಡುಕಿ ತಂಗಿ

ಮರೆತಿದ್ದೆ: ಭಾನುವಾರ ಭಾನುವಾರ ಅಪ್ಪ ಫೋನ್ ಮಾಡಿ ಬಾಯೇ ಬಿಡುವುದಿಲ್ಲ ಎಂದು ನೀನು ಸಿಟ್ಟಾಗಿ ಇಟ್ಟುಬಿಡುತ್ತೀಯಲ್ಲ, ಅವನು ಪ್ರತಿ ಸಲವೂ ಮಾತಾಡುತ್ತಾನಂತೆ. ಅವನ ತುಟಿಗೆ ಕಿವಿಯಿಟ್ಟು ಕೇಳಿದೆ. 'ಅವಳಿಗೆ ಕೇಳಿಸೋದೇ ಇಲ್ಲ ಕಣೇ' ಅಂದ. ತಪ್ಪು ನನ್ನದು ಅಕ್ಕಾ. ಇನ್ನು ಮೇಲೆ ಅವನ ಫೋನ್ ಬಂದಾಗ ಹೊಲಿಗೆ ಮಿಷನ್ ನಿಲ್ಲಿಸು.