ಎಂಟರಿಂದ ಭಾಗಿಸಿ

ಮಾರ್ಚ್ ೧೨, ಬುಧವಾರ

ಮನಸ್ಸಿಗೆ ಸಮಾಧಾನವೇ ಇಲ್ಲ. ಇಂಟರ್ನೆಟ್ ರಿಪೇರಿಗೆ ಇವತ್ತು ಹೊಸಬನೊಬ್ಬ ಬಂದ. ಎಂಬತ್ತು ಮೆಗಾಬಿಟ್‌ಗೆ ದುಡ್ಡು ಕಟ್ಟಿದ್ದೀನಿ, ಡೌನ್‌ಲೋಡ್ ಮಾಡುವಾಗ ಹತ್ತೇ ತೋರಿಸುತ್ತೆ ಅಂತ ರೇಗಿದೆ.

“ಆ ಹತ್ತು ಅನ್ನೋದು ಬಿಟ್ ಅಲ್ಲ, ಮೆಗಾಬೈಟ್, ಮೇಡಂ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ನೀವೇ ಎಂಟರಿಂದ ಭಾಗಿಸಿ ನೋಡಿ.”

ನೋಡಿದೆ. ಸರಿಯಾಗೇ ಇತ್ತು.

ಮೊದಲು ಬರುತ್ತಿದ್ದವನೂ ಮೂರು ಸಲ ಕಂಬ ಹತ್ತಿಳಿದು ಇದನ್ನೇ ಹೇಳಿದ್ದ. ನನ್ನ ಕಿವಿ ಮೇಲೆ ಹೂ ಇಡ್ತಿದ್ದಾನೆ ಅಂದುಕೊಂಡು ದೂರು ಕೊಟ್ಟೆ.

“ಅವನೆಲ್ಲಿ ಈಗ?”

“ನಿಮ್ಮ ದೂರಿಗೇ ಕೆಲಸ ಹೋಯ್ತಲ್ಲ, ಮೇಡಂ.”

ಮೂವತ್ತು ವರ್ಷ ಮಕ್ಕಳಿಗೆ ಭಾಗಾಕಾರ ಕಲಿಸಿದವಳು ನಾನು.

ಹೊರಡುವಾಗ ಹೊಸಬ ಐದು ಸ್ಟಾರ್ ಕೇಳಿದ, ಕೊಟ್ಟೆ. ಅವನು ಏನೂ ರಿಪೇರಿ ಮಾಡಿರಲಿಲ್ಲ. ಹಳಬ ಹೇಳಿದ್ದನ್ನೇ ಹೇಳಿದ. ಈ ಸಲ ನಾನು ಕೇಳಿಸಿಕೊಂಡೆ, ಅಷ್ಟೇ.