ಮಿಸೆಸ್ ಪೈಬಸ್‌ಗೆ ಮಾರಿದ ದೀಪ

ಜೂನ್ ೩, ಬೆಳಿಗ್ಗೆ

ಎದ್ದಾಗ ಗೋಡೆಯ ತುಂಬ ಗಿಳಿಗಳು. ಮಲಗುವಾಗ ಜರೀಗಿಡಗಳಿದ್ದವು. ನಾನು ನಿದ್ದೆಯಲ್ಲಿದ್ದಾಗಲೇ ಡೆಸ್ ಚಿತ್ರ ಬದಲಾಯಿಸಿದ್ದಾನೆ. ಜರೀಗಿಡಗಳು ನಿನ್ನೆಯೇ ಮಾರಾಟವಂತೆ. ಒಂದು ಗಿಳಿ ನನ್ನನ್ನೇ ನೋಡುತ್ತಿತ್ತು. ಕನಸು ಮುಗಿದಿಲ್ಲವೇನೋ ಅಂತ ಅಲುಗಾಡದೆ ಬಿದ್ದುಕೊಂಡಿದ್ದೆ.

ಮನೆಯೂ ಇದೇ, ಹಳೆಯ ಸಾಮಾನಿನ ಅಂಗಡಿಯೂ ಇದೇ. ಮದುವೆಯಾಗಿ ಬಂದ ಮೇಲೆ ಇದು ಮೂರನೆಯ ಮಂಚ. ಎರಡನೆಯದನ್ನು ಕೊಂಡವರು ಒಯ್ಯಲು ಬಂದಾಗ ಹಾಸಿಗೆ ಇನ್ನೂ ಬೆಚ್ಚಗಿತ್ತು. ಉಣ್ಣುವ ಮೇಜಿಗೂ ಬೆಲೆಚೀಟಿ, ಕೂರುವ ಕುರ್ಚಿಗೂ ಬೆಲೆಚೀಟಿ.

"ಈ ಮನೇಲಿ ಚೀಟಿ ಇಲ್ದೇ ಇರೋದು ನಾವಿಬ್ರೇ," ಅಂತಾನೆ ಡೆಸ್. ಗಂಡ ಅಂದಮೇಲೆ ನಗಬೇಕು. ನಗುತ್ತೇನೆ.

ದೀಪ ಮಾತ್ರ ಇನ್ನೂ ಇದೆ. ಮಂಚದ ಮೇಲೆ ಮೂರು ಸರಪಳಿಯಲ್ಲಿ ತೂಗುವ ಹಾಲುಗಾಜಿನ ಬಟ್ಟಲು. ಹಚ್ಚಿದರೆ ಗಾಜಿನೊಳಗೆ ಮೋಡ ಸರಿದ ಹಾಗೆ... ಅದನ್ನು ನೋಡುತ್ತಿದ್ದರೆ ನನಗೂ ನಿದ್ದೆ ಬರುತ್ತದೆ. ನನಗೆ! ಅಪ್ಪ ಕುರಿಯ ಉಣ್ಣೆ ಕತ್ತರಿಸುತ್ತ ಊರೂರು ಅಲೆದವರು. ಅವರ ಹಿಂದೆ ಅಲೆಯುತ್ತ ನಾನು ಶಾಲೆ ಅರ್ಧಕ್ಕೇ ಬಿಟ್ಟದ್ದು. ಒಂದೇ ಬೆಳಕಿನ ಕೆಳಗೆ ಎರಡು ಚಳಿಗಾಲ ಮಲಗಿದ ನೆನಪಿಲ್ಲ.

ಅದರ ಚೀಟಿ ಎಲ್ಲೋ ಉದುರಿದೆ. ಡೆಸ್ ನೋಡಿಲ್ಲ. ನಾನು ಹೇಳಿಲ್ಲ.

ಜೂನ್ ೭, ಶನಿವಾರ

ಹೋಬಾರ್ಟ್‌ನಿಂದ ಬಂದ ಹೆಂಗಸು ನೇರ ಮಲಗುವ ಕೋಣೆಗೇ ಬಂದಳು. ತಲೆಯೆತ್ತಿದಳು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಬೆಲೆ ಎಲ್ಲೂ ಕಾಣ್ತಾನೇ ಇಲ್ವಲ್ಲ?"

"ಅದು... ಹಚ್ಚಿದ್ರೆ ಗುಂಯ್ ಅನ್ನತ್ತೆ," ಅಂತ ಸುಳ್ಳು ಬಿಟ್ಟೆ.

"ನಮ್ಮ ಯಜಮಾನ್ರ ಗೊರಕೆ ಮುಂದೆ ಗುಂಯ್ ಅನ್ನೋದೆಲ್ಲ ನಂಗೆ ಕೇಳ್ಸೋದೇ ಇಲ್ಲ ಬಿಡಿ. ಇರಿ, ಅವ್ರನ್ನ ಕರ್ಕೊಂಡ್ ಬರ್ತೀನಿ."

ಏನು ತೋಚಿತೋ. ಮಾರಿದ ಮಾಲಿಗೆ ಕಟ್ಟುವ ಕೆಂಪು ಚೀಟಿ ತಂದು, ಬೂಟಿನ ಸಮೇತ ಮಂಚ ಹತ್ತಿ, ಸರಪಳಿಗೆ ಕಟ್ಟಿಬಿಟ್ಟೆ. ತಿರುಗಿ ಬಂದವಳ ಮುಖ ಸಪ್ಪಗಾಯಿತು — "ಇಷ್ಟರಲ್ಲೇ ಹೋಯ್ತಾ!"

ಸಂಜೆ ಡೆಸ್ ಕೇಳಿದ, "ಯಾರು ತಗೊಂಡ್ರು?"

"ಮಿಸೆಸ್ ಪೈಬಸ್. ಸ್ವಾನ್ಸಿಯವ್ರು. ವಯಸ್ಸಾದೋರು. ದುಡ್ಡು ದೀಪ ತಗೊಳ್ಳುವಾಗ ಕೊಡ್ತಾರಂತೆ." ಹೆಸರು ತಾನಾಗಿ ಬಾಯಿಗೆ ಬಂತು.

"ಭೇಷ್ ಕಣೇ ನೆರಿಡಾ! ನಿಂಗೂ ವ್ಯಾಪಾರ ಬಂತು ನೋಡು." ಹಣೆಗೆ ಮುತ್ತಿಟ್ಟ.

ಜೂನ್ ೮

ಡೆಸ್ ಏಣಿ ತಂದ. ದೀಪ ಇಳಿಸಿದ.

"ಮಾರಿದ ಮಾಲು ತೂಗಾಡ್ಬಾರ್ದು. ಒಡೆದ್ರೆ ನಮ್ ತಲೆಗೇ ಬರತ್ತೆ."

ಗೊತ್ತಿದ್ದದ್ದೇ. ಮಾರಿದ್ದನ್ನು ಎಷ್ಟು ಸಲ ನಾನೇ ಪೆಟ್ಟಿಗೆಗೆ ಹುಲ್ಲು ತುಂಬಿ ಕಟ್ಟಿಕೊಟ್ಟಿಲ್ಲ? ನಿನ್ನೆ ಯಾಕೆ ಹೊಳೆಯಲಿಲ್ಲ! ಈಗ ಮೇಲೆ ಬರೀ ಕೊಕ್ಕೆ. ದೀಪದ ಪೆಟ್ಟಿಗೆ ಮಂಚದ ಕೆಳಗೆ.

ಜೂನ್ ೧೨

ನಿದ್ದೆ ಇಲ್ಲ. ಬಂದ ಒಂದು ಚೂರಿನಲ್ಲಿ ಕನಸು, ಕನಸಿನಲ್ಲಿ ಮಿಸೆಸ್ ಪೈಬಸ್. ದಪ್ಪಗಿದ್ದರು, ಬೂಟು ಒದ್ದೆ. ಗೋಡೆಯ ಗಿಳಿಗಳೆಲ್ಲ ಅವರ ಹೆಗಲ ಮೇಲೆ. ಚಹಾ ಕೊಟ್ಟೆ. ಕುಡಿಯುತ್ತ ಕೊಕ್ಕೆಯನ್ನೇ ನೋಡಿದರು. "ನನ್ ದೀಪ ಎಲ್ಲಮ್ಮಾ?" ಸಿಟ್ಟಿಲ್ಲ, ಅದೇ ಭಯ. ಅವರ ಮನೆಯ ಪರದೆಯ ಬಣ್ಣ ಕೂಡ ಗೊತ್ತಾಗಿಬಿಟ್ಟಿದೆ. ಹಸಿರು.

ಜೂನ್ ೧೭

"ಗುರುವಾರ ಸ್ವಾನ್ಸಿ ಕಡೆ ಹೋಗ್ತೀನಿ. ಪೈಬಸ್ ವಿಳಾಸ ಕೊಡು," ಅಂದ ಡೆಸ್.

"ಅವ್ರೇ ಬರ್ತಾರಂತೆ."

"ವಯಸ್ಸಾದೋರು ಅಂದ್ಯಲ್ಲ? ಪಾಪ, ಅಷ್ಟು ದೂರ ಯಾಕೆ ಬರ್ಬೇಕು. ಚಿಕ್ಕ ಊರು, ಕೇಳ್ಕೊಂಡ್ ಹೋಗ್ತೀನಿ."

ಒಳ್ಳೆಯ ಮನುಷ್ಯ. ಅದೇ ಕಷ್ಟ.

ಜೂನ್ ೧೯, ಮಧ್ಯಾಹ್ನ

ನಮ್ಮ ಜೂನ್ ಚಳಿಗಾಲದ ಮಂಜು ಬೀದಿಯನ್ನೇ ನುಂಗಿತ್ತು. ಪೆಟ್ಟಿಗೆ ವ್ಯಾನಿಗೆ ಹೋಯಿತು. ಎಂಜಿನ್ ಶುರುವಾಯಿತು. ಮನೆಯ ಚಪ್ಪಲಿಯಲ್ಲೇ ಓಡಿದೆ.

"ಮಿಸೆಸ್ ಪೈಬಸ್ ಇಲ್ಲ, ಡೆಸ್."

"ಮನೇಲಿಲ್ವಾ?"

"ಎಲ್ಲೂ ಇಲ್ಲ."

ಎಂಜಿನ್ ನಿಲ್ಲಿಸಿದ.

"ಮತ್ತೆ ಕೊಂಡೋರು ಯಾರು?"

"ನಾನು."

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಿ, ನೀನು ಆಗಲ್ಲ ಅಂದಿದ್ರೆ?"

ಆಗಲ್ಲ ಅಂತಲೇ ಅನ್ನುತ್ತಿದ್ದ — ಇಬ್ಬರಿಗೂ ಗೊತ್ತಾಯಿತು. ಕಿವಿ ಕೆಂಪಾಯಿತು ಅವನದು.

"ಸ್ವಾನ್ಸಿಲಿ ಮನೆಮನೆ ಬಾಗ್ಲು ತಟ್ಟಿಸೋಳಿದ್ಯಲ್ಲ ನನ್ ಕೈಲಿ, ಮಹಾರಾಯ್ತಿ! ಒಳಗ್ ಹೋಗು. ಬಾಗ್ಲು ಹಾಕ್ಕೋ."

ಬೈಯುತ್ತಾನೆ ಅಂದುಕೊಂಡೆ. ಬಿಟ್ಟು ಹೋಗುತ್ತಾನೆ ಅಂತಲೂ ಅಂದುಕೊಂಡೆ. ಕತ್ತಲ ಹಜಾರದಲ್ಲಿ ನಿಂತೆ. ಬಾಗಿಲು ತಟ್ಟಿದ ಸದ್ದು. ತೆರೆದೆ. ಪೆಟ್ಟಿಗೆ ಎತ್ತಿಕೊಂಡು ನಿಂತಿದ್ದ, ಟೋಪಿ ತೆಗೆದು.

"ದೀಪ ತಂದಿದೀನಿ. ಎಲ್ಲಿ ಹಾಕ್ಲಿ, ಮೇಡಂ?"

ಕೊಂಡವರ ಮನೆ ಬಾಗಿಲಲ್ಲಿ ಅವನು ಕೇಳುವುದೇ ಹೀಗೆ. ಇಂಥದ್ದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ಜೂನ್ ೧೯, ಸಂಜೆ

ಹಚ್ಚಿದ್ದೇವೆ. ಮೋಡಗಳು ಸರಿಯುತ್ತಿವೆ. ಚೀಟಿ ಇಲ್ಲ, ಕೆಂಪು ಕೂಡ ಇಲ್ಲ. ಗಿಳಿಗಳು ನಾಳೆ ಹೋಗುತ್ತವಂತೆ, ಹೋಗಲಿ.

ಆದರೆ ಈಗ ಅದು ನನ್ನದು. ಕೊಕ್ಕೆ ಹಳೆಯದು. ಬಿದ್ದರೆ? ಕೇಳಿಯೇಬಿಟ್ಟೆ.

"ಇಷ್ಟ್ ದಿನ ನಂದಾಗಿದ್ದಾಗ ಬೀಳ್ಲಿಲ್ಲ. ನಿಂದಾದ ತಕ್ಷಣ ಬಿದ್ದುಬಿಡತ್ತಾ?" ಅಂದು ರಾತ್ರಿಯೂಟದ ಪೈ ಬಿಸಿ ಮಾಡಲು ಹೋದ.

ಏನೋ ಟಕ್ ಅಂತು. ಚಳಿಗೆ ತಗಡಿನ ಮಾಡು ಇರಬೇಕು. ಅಥವಾ ಸರಪಳಿ... ಒಂದು ಸಲ ಮಂಚ ಹತ್ತಿ ಕೈಯಿಂದ ಮುಟ್ಟಿ ನೋಡಿಬಿಡುತ್ತೇನೆ.